ಕೊಂಬೆಯ ಹಾದಿ

ಎಕ್ಕಂಬಿಯಿಂದ ಶಿರಸಿಯನ್ನು ಹಾದು ಕರಾವಳಿಯತ್ತ ಇಳಿಯುವ ಪ್ರಯಾಣಿಕನಿಗೆ ಕಾಡಿನ ಬಗೆಯು ಬದಲಾಗುವುದು ಕಣ್ಣಿಗೇ ತೋರುತ್ತದೆ. ಮೂಡಲಲ್ಲಿ ಬೇಸಗೆಗೆ ಎಲೆಯುದುರಿಸುವ ತೇಗ, ಮತ್ತಿಗಳ ಕಾಡು. ಪಡುವಲಲ್ಲಿ ವರ್ಷವಿಡೀ ಹಸಿರು ಕಳೆಯದ ದಟ್ಟಡವಿ. ಅಘನಾಶಿನಿ, ಶರಾವತಿ ಕಣಿವೆಗಳ ಈ ಅಡವಿಯೇ ಸಿಂಗಳೀಕದ ತವರು. ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಲೋಕದ ಬೇರಾವ ಕಾಡಿನಲ್ಲಿಯೂ ಈ ಕಪಿಯು ಇಲ್ಲ. ಅದರ ರಕ್ಷಣೆಗಾಗಿಯೇ ಸರ್ಕಾರವು 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು.

ತೋಟಕ್ಕೆ ನುಗ್ಗುವ ಸಾಮಾನ್ಯ ಮಂಗನೊಡನೆ ಇದನ್ನು ಸೇರಿಸಿ ಎಣಿಸುವುದು ಅನ್ಯಾಯ. ಸಿಂಗಳೀಕವು ಹುಟ್ಟುವುದು, ಉಣ್ಣುವುದು, ಮಲಗುವುದು ಎಲ್ಲವೂ ಮರದ ಮೇಲೆ. ಹೆಣ್ಣು ಎರಡು ಮೂರು ವರ್ಷಗಳಿಗೊಮ್ಮೆ ಒಂದೇ ಮರಿಯನ್ನು ಹೆರುತ್ತದೆ. ಹೀಗಿರುವಾಗ ಒಂದು ತಾಯಿಯು ಚಕ್ರಕ್ಕೆ ಸಿಕ್ಕಿ ಸತ್ತರೆ ಆ ಹಿಂಡಿಗಾಗುವ ನಷ್ಟವು ಬೇಗನೆ ತುಂಬುವಂಥದಲ್ಲ.

ಹಳೆಯ ಕಿರಿದಾದ ಘಟ್ಟದ ರಸ್ತೆಗಳ ಮೇಲೆ ಎರಡು ಬದಿಯ ಮರಗಳು ಕೊಂಬೆಗಳನ್ನು ಕೂಡಿಸಿಕೊಂಡು ನಿಂತಿದ್ದವು. ಕೆಳಗೆ ಬಸ್ಸು ಹೋಗುತ್ತಿದ್ದಿತು, ಮೇಲೆ ಕಪಿಯು ಹೋಗುತ್ತಿದ್ದಿತು; ಒಬ್ಬರಿಂದೊಬ್ಬರಿಗೆ ತೊಂದರೆಯಿರಲಿಲ್ಲ. ರಸ್ತೆಯನ್ನು ಅಗಲ ಮಾಡಿದಾಗ ಮೊದಲು ಹೋಗುವವು ಈ ಮರಗಳೇ. ಶಿರಸಿ-ಕುಮಟಾ ಹೆದ್ದಾರಿಯ ಕೆಲಸದಲ್ಲಿ ಅದನ್ನು ನಾವು ಕಂಡಿದ್ದೇವೆ. ಹಾಗೆಂದು ರಸ್ತೆಯೇ ಬೇಡವೆಂದು ನಾನು ಹೇಳಲಾರೆ. ಹೆರಿಗೆಯ ನೋವಿನಲ್ಲಿರುವವಳನ್ನು ದೂರದ ಆಸ್ಪತ್ರೆಗೆ ಒಯ್ಯಬೇಕಾದ ಮನೆಯವರ ಎದುರಿಗೆ ಅಂಥ ಮಾತು ನಿಲ್ಲದು.

ಬೇರೆಡೆ ನಡೆದ ಪ್ರಯತ್ನಗಳನ್ನು ಇಲ್ಲಿಗೂ ತಂದರಾಯಿತೆಂದು ಕೆಲವರು ಹೇಳುತ್ತಾರೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ ಸಂಚಾರವನ್ನು ತಡೆದುದು ಆನೆ, ಜಿಂಕೆಗಳಿಗೆ ದೊಡ್ಡ ಉಪಕಾರ. ಮಧ್ಯಪ್ರದೇಶ-ಮಹಾರಾಷ್ಟ್ರಗಳ ಗಡಿಯ ಪೆಂಚ್ ಕಾಡಿನಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆತ್ತಿದ್ದಾರೆ. ಅದರಡಿಯಲ್ಲಿ ಹುಲಿಯು ಸಹ ದಾಟುತ್ತದೆ. ಆದರೆ ಸಿಂಗಳೀಕವು ಸಂಚರಿಸುವುದು ಹಗಲಿನಲ್ಲಿ. ಇರುಳು ಗೇಟು ಹಾಕಿ ಅದಕ್ಕೇನು ಫಲ? ನೆಲಕ್ಕಿಳಿಯಲು ಅಂಜುವ ಪ್ರಾಣಿಗೆ ನೆಲದ ಸುರಂಗವು ಯಾವ ಉಪಯೋಗಕ್ಕೆ? ಅದಕ್ಕೆ ಬೇಕಾದುದು ಮೇಲಿನ ಹಾದಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಅಗ್ನಿಶಾಮಕ ದಳದವರ ಹಳೆಯ ನೀರಿನ ಕೊಳವೆಗಳನ್ನು ಮರದಿಂದ ಮರಕ್ಕೆ ಬಿಗಿದು ತೂಗುಸೇತುವೆಗಳನ್ನು ಮಾಡಿದ್ದಾರೆ. ಅಲ್ಲಿಯ ಸಿಂಗಳೀಕಗಳು ಅವುಗಳ ಮೇಲೆ ನಡೆಯಲು ಕಲಿತಿವೆ.

ಆದರೂ ಕೊಳವೆಯು ಕೊಂಬೆಗೆ ಸಮನಲ್ಲ. ಗರಗಸವನ್ನು ತರುವ ಮೊದಲೇ ಎಂಜಿನಿಯರನೂ ಅರಣ್ಯಾಧಿಕಾರಿಯೂ ಜತೆಯಾಗಿ ನಡೆದು, ಹಿಂಡು ದಾಟುವ ಎಡೆಗಳನ್ನು ಗುರುತಿಸಬೇಕು. ಅಷ್ಟು ದೂರ ರಸ್ತೆಯು ಕಿರಿದಾಗಿಯೇ ಉಳಿಯಲಿ, ಉಬ್ಬುಗಳು ವಾಹನದ ವೇಗವನ್ನು ತಗ್ಗಿಸಲಿ. ಸಾಗರ-ಹೊನ್ನಾವರ ಹೆದ್ದಾರಿಯಂಥ ಘಟ್ಟದ ದಾರಿಗಳಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು, ಬಾಳೆಹಣ್ಣುಗಳನ್ನು ಎಸೆಯುವ ಪ್ರವಾಸಿಗರ ದಯೆಯಂತೂ ಕೊಲೆಗಿಂತ ಕಡಿಮೆಯಲ್ಲ. ಮರದ ಪ್ರಾಣಿಯನ್ನು ನೆಲಕ್ಕಿಳಿಸುವುದೇ ಆ ದಯೆ. ಮರಗಳು ಈಗಾಗಲೇ ಹೋಗಿರುವಲ್ಲಿ ಎರಡೂ ಅಂಚಿಗೆ ಕಾಡುಜಾತಿಯ ಸಸಿಗಳನ್ನು ನೆಡಬೇಕು. ಅವು ಬೆಳೆದು ಕೈಗೂಡಿಸಲು ಹಲವು ದಶಕಗಳು ಬೇಕು. ಅಲ್ಲಿಯವರೆಗೆ ಕೊಳವೆಯ ಸೇತುವೆಯೇ ಗತಿ. ಪ್ರತಿ ಮಳೆಗಾಲದ ತರುವಾಯ ಅದರ ಗಂಟುಗಳನ್ನು ಪರೀಕ್ಷಿಸಿ ಬಿಗಿಯುವ ಹೊಣೆಯು ಯಾರದೆಂಬುದನ್ನು ಸೇತುವೆ ಕಟ್ಟುವ ದಿನವೇ ಬರೆದಿಡಬೇಕು.