ತಾಳಿದ ಕಲ್ಲುಹೂವು ಬಾಳಬೇಕಾದರೆ

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಈ ಮಾತಿಗೆ ಜೀವಜಗತ್ತಿನಿಂದ ಒಂದು ನಿದರ್ಶನ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಧ್ರುವಪ್ರದೇಶದ ಕಲ್ಲುಹೂವನ್ನು ತೋರಿಸುತ್ತೇನೆ. ಆದರೆ ಅದೇ ನಿದರ್ಶನವು ಈ ಗಾದೆಯನ್ನು ನಾವು ಎಷ್ಟು ಸ್ವಾರ್ಥದಿಂದ ಬಳಸುತ್ತೇವೆ ಎಂಬುದನ್ನೂ ತೋರಿಸಿಕೊಡುತ್ತದೆ. ತಾಳುವವರನ್ನು ಕಂಡರೆ ನಮಗೆ ಮೆಚ್ಚುಗೆ. ಆ ಮೆಚ್ಚುಗೆಯ ಬೆನ್ನಿಗೇ ‘ಇವರ ಮೇಲೆ ಇನ್ನಷ್ಟು ಹೊರಿಸಬಹುದು’ ಎಂಬ ಲೆಕ್ಕಾಚಾರ. ಈ ಲೆಕ್ಕಾಚಾರ ಸಲ್ಲದು ಎಂಬುದೇ ನನ್ನ ಇಂದಿನ ಬರಹದ ತಾತ್ಪರ್ಯ.

ಕಲ್ಲುಹೂವೆಂದರೆ ನಮ್ಮ ಗೃಹಿಣಿಯರಿಗೆ ಮಸಾಲೆ ಡಬ್ಬಿಯ ವಸ್ತು. ಹೆಸರಿನಲ್ಲಿ ಹೂವಿದ್ದರೂ ಅದು ಹೂವಲ್ಲ. ನಿಜವಾಗಿ ನೋಡಿದರೆ ಒಂದು ಸಸ್ಯವೂ ಅಲ್ಲ. ಶಿಲೀಂಧ್ರವೊಂದು ಪಾಚಿಯ ಕಣಗಳನ್ನು ತನ್ನ ಎಳೆಗಳ ನಡುವೆ ಇರಿಸಿಕೊಂಡು ಕಟ್ಟಿದ ಕೂಡುಸಂಸಾರ ಅದು. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ. 1867ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಈ ಮಾತನ್ನು ಹೇಳಿದಾಗ ಕಲ್ಲುಹೂವುಗಳ ಅಧ್ಯಯನದಲ್ಲೇ ತಲೆ ನರೆತಿದ್ದ ಪಂಡಿತರು ಅದನ್ನು ಅಲ್ಲಗಳೆದರು. ಕಾಲಕ್ರಮದಲ್ಲಿ ಅವನ ಮಾತೇ ನಿಂತಿತು. ಅಷ್ಟೇ ಅಲ್ಲ, ಅನೇಕ ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ಜಾತಿಯ ಇನ್ನೊಂದು ಶಿಲೀಂಧ್ರವೂ ಇದೆಯೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಈ ಸಂಸಾರ ಹೂಡಿರುವ ಸ್ಥಳಗಳನ್ನು ನೋಡಿದರೆ ಅಚ್ಚರಿಯಾಗುತ್ತದೆ. ಇಡೀ ಅಂಟಾರ್ಕ್ಟಿಕಾ ಖಂಡದಲ್ಲಿ ಸಹಜವಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎರಡೇ ಎರಡು. ಅವೂ ಉತ್ತರಕ್ಕೆ ಚಾಚಿಕೊಂಡಿರುವ ಪರ್ಯಾಯದ್ವೀಪದ ಕಡೆಗಷ್ಟೇ. ಕಲ್ಲುಹೂವುಗಳಾದರೋ ಸುಮಾರು ನಾನ್ನೂರು ಬಗೆ! ದಕ್ಷಿಣ ಅಕ್ಷಾಂಶ 86 ಡಿಗ್ರಿಯವರೆಗೂ, ಅಂದರೆ ಧ್ರುವಬಿಂದುವಿನ ಹತ್ತಿರದ ಬಂಡೆಗಳ ಮೇಲೂ ಅವು ಸಿಕ್ಕಿವೆ. ಮಳೆಯೇ ಕಾಣದ ಮೆಕ್‌ಮುರ್ಡೋ ಒಣಕಣಿವೆಗಳಲ್ಲಿ ಬಂಡೆಯ ಹೊರಮೈ ಬರಿದಾಗಿ ಕಾಣುತ್ತದೆ. ಇಮ್ರೆ ಫ್ರೀಡ್‌ಮನ್ ಎಂಬ ವಿಜ್ಞಾನಿ ಅಲ್ಲಿನ ಮರಳುಗಲ್ಲನ್ನು ಒಡೆದು ನೋಡಿದರೆ, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ಕಪ್ಪು, ಬಿಳಿ, ಹಸಿರು ಪಟ್ಟಿಗಳಾಗಿ ಜೀವ ಅಡಗಿ ಕುಳಿತಿತ್ತು. ಕಲ್ಲಿನ ಹರಳುಗಳ ಮೂಲಕ ತೂರಿಬರುವ ಮಂದ ಬೆಳಕು, ಬಿಸಿಲಿಗೆ ಕಾದ ಬಂಡೆಯ ಅಲ್ಪ ಶಾಖ, ಕರಗಿದ ಹಿಮದ ಒಂದಿಷ್ಟು ಪಸೆ: ಇವಿಷ್ಟೇ ಅದರ ಆಸ್ತಿ.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿನಿಯೊಬ್ಬಳು ಬಂಡೆಯಿಂದ ಕೆತ್ತಿ ತಂದ ಒಣ ಚೂರೊಂದನ್ನು ಮೇಜಿನ ಮೇಲಿಟ್ಟು, “ಇದು ಸತ್ತಿದೆಯೋ ಬದುಕಿದೆಯೋ ಸಾರ್?” ಎಂದು ಕೇಳಿದ್ದಳು. ಬಹಳ ಒಳ್ಳೆಯ ಪ್ರಶ್ನೆ. ಕಲ್ಲುಹೂವಿನ ಸಹನೆಯ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ಅದು ಚಳಿಯೊಡನೆ ಸೆಣಸುವುದಿಲ್ಲ. ನೀರಿಲ್ಲದಾಗ ಒಣಗಿ, ಉಸಿರಾಟವನ್ನೂ ಆಹಾರ ತಯಾರಿಕೆಯನ್ನೂ ನಿಲ್ಲಿಸಿಬಿಡುತ್ತದೆ. ತೇವ ಸಿಕ್ಕಿದೊಡನೆ ಮತ್ತೆ ಕೆಲಸ ಆರಂಭಿಸುತ್ತದೆ. ಅಂಟಾರ್ಕ್ಟಿಕಾದ ಕೆಲವು ಪ್ರಭೇದಗಳು ಸೊನ್ನೆಗಿಂತ 17 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ದ್ಯುತಿಸಂಶ್ಲೇಷಣೆ ನಡೆಸುವುದನ್ನು ಜರ್ಮನ್ ವಿಜ್ಞಾನಿಗಳು ಸ್ಥಳದಲ್ಲೇ ಅಳೆದಿದ್ದಾರೆ. ಆ ಚಳಿಯಲ್ಲಿ ಹರಿಯುವ ನೀರೆಲ್ಲಿಯದು? ಹಿಮದಿಂದ ಏಳುವ ಆವಿಯನ್ನೇ ಅವು ಹೀರಿಕೊಳ್ಳುತ್ತವೆ. ಒಣಗಿದ ಕಲ್ಲುಹೂವುಗಳನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದ್ದಿ ತೆಗೆದರೂ ಕೆಲವು ಸಾಯಲಿಲ್ಲ. 2005ರಲ್ಲಿ ಎರಡು ಬಗೆಗಳನ್ನು ಫೋಟಾನ್-ಎಂ2 ಉಪಗ್ರಹದಲ್ಲಿಟ್ಟು ಸುಮಾರು ಎರಡು ವಾರ ಬಾಹ್ಯಾಕಾಶದ ಶೂನ್ಯಕ್ಕೆ ಒಡ್ಡಲಾಯಿತು. ಹಿಂದಿರುಗಿದ ಮೇಲೆ ಅವು ಏನೂ ಆಗಿಲ್ಲವೆಂಬಂತೆ ಮತ್ತೆ ಬೆಳಕುಣ್ಣತೊಡಗಿದವು.

ಸುದ್ದಿಪತ್ರಿಕೆಗಳು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ‘ಸಾವಿಲ್ಲದ ಜೀವಿ’ ಎಂಬ ಶೀರ್ಷಿಕೆಗೆ ಇಷ್ಟು ಸಾಕಲ್ಲವೇ? ನನ್ನ ತಕರಾರು ಇರುವುದೇ ಇಲ್ಲಿ.

ಈ ಜೀವಿ ತಾಳುತ್ತದೆ, ನಿಜ. ಆದರೆ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಶಕ್ತಿ ಅದಕ್ಕೆ ಎಷ್ಟಿದೆ? ವರ್ಷದಲ್ಲಿ ಕೆಲವೇ ದಿನ ದುಡಿಮೆ, ಉಳಿದಂತೆ ನಿದ್ರೆ. ಹೀಗಿರುವಾಗ ಬೆಳವಣಿಗೆ ಎಲ್ಲಿಂದ ಬರಬೇಕು? ಒಣಕಣಿವೆಗಳ ಬ್ಯುಲಿಯಾ ಫ್ರಿಜಿಡಾ ಎಂಬ ಕಲ್ಲುಹೂವು ಒಂದು ಸೆಂಟಿಮೀಟರ್ ಹರಡಲು ಸಾವಿರ ವರ್ಷದ ಆಸುಪಾಸು ತೆಗೆದುಕೊಳ್ಳುತ್ತದೆ. ಅಂಗೈಯಗಲದ ಒಂದು ಮಚ್ಚೆಯ ವಯಸ್ಸನ್ನು ಓದುಗರೇ ಊಹಿಸಿಕೊಳ್ಳಲಿ. ಬೂಟುಗಾಲಿನ ಒಂದೇ ಒಂದು ತುಳಿತಕ್ಕೆ ಅದು ಪುಡಿಯಾಗಬಹುದು. ಸ್ವತಃ ಹಿಮವೂ ಅತಿಯಾದರೆ ಅದಕ್ಕೆ ಮೃತ್ಯುವೇ. ಬೇಸಗೆಯಲ್ಲೂ ಕರಗದ ಹಿಮದಡಿ ಒದ್ದೆಯಾಗಿ, ಬೆಳಕಿಲ್ಲದೆ ಬಿದ್ದಿದ್ದರೆ ಉಸಿರಾಟ ಮಾತ್ರ ನಡೆಯುತ್ತದೆ. ಆದಾಯವಿಲ್ಲದ ಮನೆಯಲ್ಲಿ ಖರ್ಚು ಮಾತ್ರ ನಡೆದಂತೆ.

ಉತ್ತರ ಧ್ರುವದ ಕಡೆಗೆ ತಿರುಗಿದರೂ ಇದೇ ಪಾಠ. ಅಲ್ಲಿನ ಹಿಮಸಾರಂಗಗಳಿಗೆ ಚಳಿಗಾಲದ ಮುಖ್ಯ ಮೇವು ಕಲ್ಲುಹೂವೇ. ಬೇರಿಲ್ಲದ ಈ ಜೀವಿ ತನಗೆ ಬೇಕಾದುದನ್ನು ಗಾಳಿ, ಮಳೆ, ಹಿಮಗಳಿಂದ ಹೀರಿಕೊಳ್ಳುತ್ತದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಆಯ್ದುಕೊಳ್ಳಲಾರದು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಗಾಳಿಯಲ್ಲಿ ತೇಲಿಬಂದ ಸೀಸಿಯಂ-137 ನಾರ್ವೆ, ಸ್ವೀಡನ್‌ಗಳ ಕಲ್ಲುಹೂವಿನಲ್ಲಿ ಕೂಡಿಕೊಂಡಿತು. ಅಲ್ಲಿಂದ ಸಾರಂಗದ ಮಾಂಸಕ್ಕೆ, ಮಾಂಸದಿಂದ ಸಾರಂಗವನ್ನೇ ನಂಬಿ ಬದುಕುವ ಸಾಮಿ ಜನರ ತಟ್ಟೆಗೆ. ಸ್ವೀಡನ್ನಿನಲ್ಲಿ ಆ ವರ್ಷ ಸಾವಿರಾರು ಸಾರಂಗಗಳ ಮಾಂಸವನ್ನು ಎಸೆಯಬೇಕಾಯಿತು. ನಾರ್ವೆ ಸರ್ಕಾರವು ಸಾರಂಗದ ಮಾಂಸದಲ್ಲಿ ಇರಬಹುದಾದ ವಿಕಿರಣದ ಮಿತಿಯನ್ನೇ ಕಿಲೋಗೆ 600ರಿಂದ 6000 ಬೆಕೆರೆಲ್‌ಗೆ ಏರಿಸಿತು. ಕಲ್ಲುಹೂವು ಸಾಯಲಿಲ್ಲ, ತಾಳಿಕೊಂಡಿತು. ಅದರ ತಾಳಿಕೆಯ ಬೆಲೆಯನ್ನು ತೆತ್ತವರು ಆ ದುರಂತಕ್ಕೆ ಯಾವ ರೀತಿಯಲ್ಲೂ ಕಾರಣರಲ್ಲದ ಜನ.

ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪದ ಕಥೆ ಇನ್ನೂ ನೇರವಾದುದು. 1944ರಲ್ಲಿ ಅಮೆರಿಕದ ಕರಾವಳಿ ರಕ್ಷಣಾದಳವು ತನ್ನ ಸಿಬ್ಬಂದಿಗೆ ಆಪತ್ಕಾಲದ ಆಹಾರವಾಗಲೆಂದು 29 ಹಿಮಸಾರಂಗಗಳನ್ನು ಅಲ್ಲಿ ಬಿಟ್ಟಿತು. ಯುದ್ಧ ಮುಗಿಯಿತು, ಜನ ಹೊರಟುಹೋದರು. ನೆಲದ ತುಂಬ ದಪ್ಪ ಕಂಬಳಿಯಂತೆ ಕಲ್ಲುಹೂವು. ಬೇಟೆಯಾಡುವ ಪ್ರಾಣಿಯ ಭಯವಿಲ್ಲ. 1963ರ ಹೊತ್ತಿಗೆ ಸಾರಂಗಗಳು ಆರು ಸಾವಿರವಾದವು. ಶತಮಾನಗಳ ಉಳಿತಾಯ ಹತ್ತೊಂಬತ್ತೇ ವರ್ಷಗಳಲ್ಲಿ ಖರ್ಚಾಗಿತ್ತು. ಆಮೇಲೊಂದು ಕಠೋರ ಚಳಿಗಾಲ ಬಂದಿತು. 1966ರಲ್ಲಿ ಜೀವಶಾಸ್ತ್ರಜ್ಞ ಡೇವಿಡ್ ಕ್ಲೈನ್ ಅಲ್ಲಿ ಎಣಿಸಿದ್ದು 42 ಸಾರಂಗಗಳನ್ನು. ಉಳಿದದ್ದು ಎಲುಬಿನ ರಾಶಿ. ಕೊನೆಗೆ ಆ ಕೆಲವೂ ಉಳಿಯಲಿಲ್ಲ. ಬಡ್ಡಿಯನ್ನು ಬಿಟ್ಟು ಅಸಲನ್ನೇ ಉಂಡವರ ಗತಿ ಇದು.

ಈ ವಿವೇಕ ಜಗತ್ತಿಗೆ ಹೊಳೆದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಪ್ಪಂದವು ಅಂಟಾರ್ಕ್ಟಿಕಾದ ಪರಿಸರವನ್ನು ರಕ್ಷಿಸುವ ಕಟ್ಟಳೆ. ಅದರ ಎರಡನೆಯ ಅನುಬಂಧವು ಕಲ್ಲುಹೂವನ್ನು ಹೆಸರಿಸಿ ರಕ್ಷಣೆ ನೀಡುತ್ತದೆ. ಅಂಥ ಜೀವಿಗಳು ದಟ್ಟವಾಗಿರುವಲ್ಲಿ ತುಳಿದು ನಡೆದು ಗಣನೀಯ ಹಾನಿ ಮಾಡುವುದನ್ನೂ ಅಪರಾಧವೆಂದು ಎಣಿಸುತ್ತದೆ. ನಮ್ಮ ದೇಶಕ್ಕೂ ಅಲ್ಲಿ ಹೊಣೆಯಿದೆ. ಶಿರ್ಮಾಕರ್ ಪ್ರದೇಶದ ‘ಮೈತ್ರಿ’, ಲಾರ್ಸ್‌ಮನ್ ಗುಡ್ಡಗಳ ‘ಭಾರತಿ’ ಈ ಎರಡೂ ನಿಲ್ದಾಣಗಳು ಇರುವುದು ಕಲ್ಲುಹೂವು ಬೆಳೆಯುವ ಅಪರೂಪದ ಬರಿನೆಲದಲ್ಲೇ. 2022ರಲ್ಲಿ ನಮ್ಮ ಸಂಸತ್ತು ಅಂಟಾರ್ಕ್ಟಿಕ ಕಾಯಿದೆಯನ್ನೂ ಅಂಗೀಕರಿಸಿದೆ. ಆದರೆ 2022-23ರ ಒಂದೇ ಋತುವಿನಲ್ಲಿ ಆ ಖಂಡಕ್ಕೆ ಪ್ರವಾಸ ಹೋದವರು ಒಂದು ಲಕ್ಷಕ್ಕೂ ಮಿಕ್ಕಿ. ಹಿಮವಿಲ್ಲದ ನೆಲ ಅಲ್ಲಿ ಅತ್ಯಲ್ಪ. ಮನುಷ್ಯನಿಗೆ ಕಾಲಿಡಲು ಬೇಕಾದದ್ದೂ, ಕಲ್ಲುಹೂವಿಗೆ ಬದುಕಲು ಬೇಕಾದದ್ದೂ ಅದೇ ತುಣುಕು. ಆದ್ದರಿಂದ ಅಲ್ಲಿಗೆ ಇಳಿಯುವವರ ಸಂಖ್ಯೆಗೆ ಎಲ್ಲ ರಾಷ್ಟ್ರಗಳೂ ಸೇರಿ ಒಂದು ಕಟ್ಟುನಿಟ್ಟಾದ ಮಿತಿ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನೋಡುವ ಆಸೆ ಸಹಜ. ಆದರೆ ಸಾವಿರ ವರ್ಷದ ಬೆಳೆಯ ಮೇಲೆ ಅರ್ಧ ಗಂಟೆಯ ವಿಹಾರ ನ್ಯಾಯವಲ್ಲ.

ನಮ್ಮ ಪಠ್ಯಪುಸ್ತಕಗಳು ಕಲ್ಲುಹೂವನ್ನು ‘ಬಂಡೆಯ ಮೇಲೆ ಮೊದಲು ನೆಲೆಯೂರುವ ಜೀವಿ’ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಅದರ ಜೊತೆಗೆ ಇನ್ನೊಂದು ವಾಕ್ಯವನ್ನೂ ಮಕ್ಕಳಿಗೆ ಹೇಳಿಕೊಡಬೇಕು: ಇದು ಮೊದಲು ಬರುತ್ತದೆ, ಆದರೆ ಹೋದರೆ ಬೇಗ ಹಿಂದಿರುಗದು. ಒಂದು ಜೀವಿ ಎಷ್ಟು ಕಷ್ಟ ಸಹಿಸಬಲ್ಲದು ಎಂಬುದನ್ನಷ್ಟೇ ಅಳೆದರೆ ವಿದ್ಯೆ ಅರ್ಧವಾಯಿತು. ಆದ ಗಾಯ ಮಾಯಲು ಅದಕ್ಕೆಷ್ಟು ಕಾಲ ಬೇಕು ಎಂಬುದನ್ನೂ ಅಳೆಯಬೇಕು. ಈ ಅಳತೆ ಮನುಷ್ಯರಿಗೂ ಅನ್ವಯಿಸುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಾಳಿದವನು ಬಾಳಿಯಾನು, ನಿಜ. ಬಾಳಲು ನಾವು ಬಿಟ್ಟರೆ.