ಉದ್ಯಮಿಯೋ, ಉದ್ಯಮಿನಿಯೋ?

ಪ್ರಶ್ನೆ: ನಮ್ಮ ತಾಯಿ ಹಪ್ಪಳ, ಸಂಡಿಗೆ ಮಾಡಿಸಿ ಅಂಗಡಿಗಳಿಗೆ ಹಾಕುತ್ತಾರೆ. ಅವರ ಬಳಿ ನಾಲ್ವರು ಕೆಲಸಕ್ಕಿದ್ದಾರೆ. ಪ್ರಬಂಧದಲ್ಲಿ ‘ನನ್ನ ತಾಯಿ ಉದ್ಯಮಿ’ ಎಂದು ಬರೆದೆ. ‘ಉದ್ಯಮಿನಿ’ ಎಂದಾಗಬೇಕು ಎನ್ನುತ್ತಾರೆ ತಂದೆ. ‘ಗೃಹಿಣಿ’ ಎಂದರೆ ಸಾಕು ಎನ್ನುತ್ತಾರೆ ಅಜ್ಜಿ. ಯಾವುದು ಸರಿ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನೀವು ಬರೆದದ್ದು ಸರಿಯಾಗಿದೆ. ತಂದೆಯವರ ಮಾತೂ ವ್ಯಾಕರಣಕ್ಕೆ ವಿರುದ್ಧವಲ್ಲ. ಸಂಸ್ಕೃತದಲ್ಲಿ ‘ಉದ್ಯಮ’ ಎಂದರೆ ಪ್ರಯತ್ನ, ಪ್ರಯತ್ನಶೀಲನೇ ‘ಉದ್ಯಮಿನ್’. ಇಂಥ ನಕಾರಾಂತ ಶಬ್ದಗಳಿಗೆ ಸ್ತ್ರೀಲಿಂಗದಲ್ಲಿ ‘ಈ’ ಪ್ರತ್ಯಯ ಸೇರುತ್ತದೆ. ವಿದ್ಯಾರ್ಥಿ–ವಿದ್ಯಾರ್ಥಿನಿ ಆದಂತೆ ಉದ್ಯಮಿ–ಉದ್ಯಮಿನಿ. ಆದರೆ ವಿದ್ಯಾರ್ಥಿನಿ ಕನ್ನಡದಲ್ಲಿ ನೆಲೆನಿಂತಿದೆ, ಉದ್ಯಮಿನಿ ಅಷ್ಟಾಗಿ ನಿಂತಿಲ್ಲ. ನಮ್ಮಲ್ಲಿ ‘ಉದ್ಯಮಿ’ ಇಬ್ಬರಿಗೂ ಸಲ್ಲುತ್ತದೆ. ಲಿಂಗವನ್ನು ಕ್ರಿಯಾಪದ ಹೇಳುತ್ತದೆ: ಉದ್ಯಮಿ ಬಂದನು, ಉದ್ಯಮಿ ಬಂದಳು. ಗೌರವದಿಂದ ‘ಬಂದರು’ ಎಂದರೆ ಆ ಗುರುತೂ ಅಳಿಯುತ್ತದೆ. ಅಲ್ಲಿ ಅಗತ್ಯವಿದ್ದರೆ ‘ಮಹಿಳಾ ಉದ್ಯಮಿ’ ಎನ್ನಬಹುದು. ‘ನನ್ನ ತಾಯಿ’ ಎಂದ ಮೇಲೆ ಅದೂ ಬೇಡ. (‘ಪುರುಷ ಉದ್ಯಮಿ’ ಎಂದು ಯಾರಾದರೂ ಬರೆಯುವುದುಂಟೆ?)

ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಒಂದು ಸಾಲ ಯೋಜನೆಯ ಹೆಸರು ‘ಉದ್ಯೋಗಿನಿ’. ಸ್ವಂತ ಕಸುಬು ಹೂಡುವ ಮಹಿಳೆಯರಿಗೆಂದೇ ಅದು ಇರುವುದು. ಹೆಸರೇನೋ ಚೆನ್ನಾಗಿದೆ. ಆದರೆ ‘ಉದ್ಯೋಗಿ’ಗೆ ಇಂದು ಸಂಬಳಕ್ಕೆ ದುಡಿಯುವವರು ಎಂಬ ಅರ್ಥ ಬಲಿತಿದೆ. ನಿಮ್ಮ ಮನೆಯಲ್ಲಿ ಆ ನಾಲ್ವರು ಉದ್ಯೋಗಿಗಳು, ತಾಯಿಯವರಲ್ಲ.

ಅಚ್ಚಗನ್ನಡದಲ್ಲಿ ಹೂವಾಡಗಿತ್ತಿ, ಬಳೆಗಾರ್ತಿ ಮುಂತಾದ ಸೊಗಸಾದ ರೂಪಗಳಿವೆ. ಅಲ್ಲೊಂದು ತೊಡಕು. ಹೂವಾಡಗಿತ್ತಿ ಎಂದರೆ ತಾನೇ ಹೂ ಮಾರುವವಳೋ, ಹೂವಾಡಿಗನ ಹೆಂಡತಿಯೋ? ಎರಡೂ ಆದೀತು. ಸಂಸ್ಕೃತದವರು ಈ ಭೇದವನ್ನು ಜೋಪಾನವಾಗಿ ಉಳಿಸಿಕೊಂಡಿದ್ದರು. ಆಚಾರ್ಯನ ಹೆಂಡತಿ ‘ಆಚಾರ್ಯಾನೀ’. ತಾನೇ ಪಾಠ ಹೇಳುವವಳು ‘ಆಚಾರ್ಯಾ’. ಅಮರಕೋಶ ಇವೆರಡನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ‘ಯಜಮಾನಿ’ಗೂ ಯಜಮಾನನ ಹೆಂಡತಿ ಎಂಬ ಅರ್ಥವುಂಟು. ಆದರೆ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ‘ಕುಟುಂಬದ ಯಜಮಾನಿ’ ಗಂಡನಿದ್ದರೂ ಸ್ವತಃ ಯಜಮಾನಿ! ಶಬ್ದ ಹಳೆಯದೇ, ಹಕ್ಕು ಹೊಸದು.

ಇನ್ನು ಅಜ್ಜಿಯವರ ‘ಗೃಹಿಣಿ’. ಅದು ‘ಗೃಹಿ’ಯ ಸ್ತ್ರೀಲಿಂಗ, ಮೇಲೆ ಹೇಳಿದ ಪ್ರತ್ಯಯದಿಂದಲೇ ಆದದ್ದು. ಮನೆಯ ಮಟ್ಟಿಗೆ ತಪ್ಪಿಲ್ಲ. ಹಪ್ಪಳದ ವ್ಯಾಪಾರವನ್ನು ಅದು ಹೇಳುವುದಿಲ್ಲ. ಶಾಲೆಯ ಅರ್ಜಿಯಲ್ಲಿ ‘ತಾಯಿಯ ವೃತ್ತಿ’ ಎಂದಿರುವಲ್ಲಿ ‘ಹಪ್ಪಳ ತಯಾರಿಕೆ, ಸ್ವಂತ ಉದ್ಯಮ’ ಎಂದು ಬರೆಯಿರಿ. ಪ್ರಬಂಧದ ವಾಕ್ಯವನ್ನು ತಿದ್ದಬೇಕಾಗಿಲ್ಲ.