ಹೊರವಲಯದ ಬಡಾವಣೆ, ಹತ್ತಿರದ ಶಾಲೆ: ಆರ್‌ಟಿಇ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಶಾಲಾ ದಾಖಲಾತಿ ಶುರುವಾಗುವ ಹೊತ್ತಿಗೆ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡುತ್ತದೆ: ‘ಯಾವುದೇ ಖಾಸಗಿ ಶಾಲೆಯಲ್ಲಿ ಶೇ. 25ರಷ್ಟು ಸೀಟು ಉಚಿತ, ಎಲ್ಲರಿಗೂ ಕಳಿಸಿ’. ಕೆಂಗೇರಿ, ನೆಲಮಂಗಲ, ಹೊಸಕೋಟೆ, ಆನೇಕಲ್ ಕಡೆ ಮನೆ ಮಾಡಿಕೊಂಡು, ದಿನಾ ಬೆಂಗಳೂರಿನ ಒಳಗೆ ಕೆಲಸಕ್ಕೆ ಹೋಗಿಬರುವ ಕುಟುಂಬಗಳಿಗೆ ಇದು ಆಸೆ ಹುಟ್ಟಿಸುವ ಸುದ್ದಿ. ಆದರೆ ಇದನ್ನು ನಂಬಿ ಕಾದರೆ ಬೇರೆ ಶಾಲೆಗಳ ದಾಖಲಾತಿಯೂ ಕೈತಪ್ಪಬಹುದು.

ಕಾನೂನು ಏನು ಹೇಳುತ್ತದೆ?

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದರ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. ಸೆಕ್ಷನ್ 12ರ ಅಡಿ ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು. ಎಲ್ಲಿಂದ ಬಂದವರಿಗಾದರೂ, ಎಲ್ಲ ವರ್ಗದವರಿಗೂ ಸೀಟು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ.

ಕರ್ನಾಟಕದಲ್ಲಿ ಬದಲಾಗಿದ್ದೇನು?

ಫಾರ್ವರ್ಡ್‌ಗಳು ಬಿಟ್ಟುಬಿಡುವ ಮುಖ್ಯ ಸಂಗತಿ ಇದು. 2018–19ರಲ್ಲಿ ರಾಜ್ಯ ಸರ್ಕಾರ ತನ್ನ ನಿಯಮಕ್ಕೆ ತಿದ್ದುಪಡಿ ತಂದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಅಲ್ಲಿನ ಖಾಸಗಿ ಶಾಲೆಯನ್ನು ಶೇ. 25ರ ಕೋಟಾಕ್ಕೆ ಗುರುತಿಸಬೇಕಿಲ್ಲ ಎಂಬುದು ಅದರ ಸಾರ. 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿಂದಾಚೆಗೆ ಉಚಿತ ಸೀಟುಗಳು ತೀರಾ ಕಡಿಮೆಯಾದವು. ಹೊರವಲಯದ ಬಹುತೇಕ ಬಡಾವಣೆಗಳು ಹಳೇ ಹಳ್ಳಿಗಳ ಪಕ್ಕದಲ್ಲೇ ಬೆಳೆದಿವೆ. ಹಳ್ಳಿಯಲ್ಲಿ ಮೊದಲಿಂದಲೂ ಸರ್ಕಾರಿ ಶಾಲೆ ಇದ್ದರೆ, ಪಕ್ಕದ ಹೊಸ ಖಾಸಗಿ ಶಾಲೆಯಲ್ಲಿ ಈ ಕೋಟಾ ಸಿಗುವುದು ಕಷ್ಟ.

ಹಾಗಾದರೆ ಯಾವ ಹಕ್ಕು ಉಳಿದಿದೆ?

ಫಾರ್ವರ್ಡ್ ಆಗದ, ಆದರೆ ಮನೆ ಬದಲಿಸುವವರಿಗೆ ನಿಜವಾಗಿ ಬೇಕಾದ ಅಂಶಗಳು ಇಲ್ಲಿವೆ.

1. ಹತ್ತಿರದ ಶಾಲೆ: ಕೇಂದ್ರದ ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ 1 ಕಿ.ಮೀ. ನಡಿಗೆ ದೂರದಲ್ಲಿ, 6ರಿಂದ 8ನೇ ತರಗತಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಅದನ್ನು ಒದಗಿಸುವುದು ಸರ್ಕಾರದ ಹೊಣೆ.

2. ಟಿಸಿ ತಡವಾದರೆ: ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಮಾಡಿಸಿಕೊಳ್ಳುವಾಗ, ಟಿಸಿ ಬಂದಿಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ (ಸೆಕ್ಷನ್ 5).

3. ವಯಸ್ಸಿನ ದಾಖಲೆ ಇಲ್ಲದಿದ್ದರೆ: ಅದೊಂದೇ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವಂತಿಲ್ಲ (ಸೆಕ್ಷನ್ 14).

4. ಡೊನೇಷನ್, ಸಂದರ್ಶನ: ಎರಡಕ್ಕೂ ನಿಷೇಧವಿದೆ (ಸೆಕ್ಷನ್ 13). ಡೊನೇಷನ್ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಮಗುವಿಗೋ ಪೋಷಕರಿಗೋ ಪರೀಕ್ಷೆ, ಸಂದರ್ಶನ ಮಾಡಿದರೆ ಮೊದಲ ಬಾರಿ 25,000 ರೂ.ವರೆಗೆ, ನಂತರ ಪ್ರತಿ ಬಾರಿ 50,000 ರೂ.ವರೆಗೆ ದಂಡ.

5. ಮಾನ್ಯತೆ: ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಹೊಸ ಬಡಾವಣೆಯಲ್ಲಿ ಹೊಸದಾಗಿ ಬೋರ್ಡ್ ಹಾಕಿದ ಶಾಲೆಯಾದರೆ, ಶುಲ್ಕ ಕಟ್ಟುವ ಮೊದಲೇ ಮಾನ್ಯತೆ ಪತ್ರ ಮತ್ತು 11 ಅಂಕಿಯ ಯುಡೈಸ್ ಸಂಖ್ಯೆ ಕೇಳಿ.

ಸರ್ಕಾರಿ ಶಾಲೆ ಎಂದರೆ ಇಂಗ್ಲಿಷ್ ಮಾಧ್ಯಮ ಇರುವುದೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. 2019–20ರಿಂದ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಆರಂಭವಾಯಿತು. ನಿಮ್ಮ ಊರಿನ ಶಾಲೆಯಲ್ಲಿ ಇದೆಯೇ ಎಂದು ಒಮ್ಮೆ ಹೋಗಿ ವಿಚಾರಿಸಿ. ಶಿಕ್ಷಕರು ಎಷ್ಟಿದ್ದಾರೆ, ಶೌಚಾಲಯ, ಕುಡಿಯುವ ನೀರು ಹೇಗಿದೆ ಎಂಬುದನ್ನೂ ನೋಡಿ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಬಸ್ಸು, ರೈಲು ಹಿಡಿಯುವ ಮನೆಯಲ್ಲಿ, ನಡೆದು ಹೋಗುವಷ್ಟು ಹತ್ತಿರದ ಶಾಲೆ ಇದ್ದರೆ ವ್ಯಾನಿನ ಖರ್ಚು, ಮಗುವಿನ ನಿದ್ದೆ ಎರಡೂ ಉಳಿಯುತ್ತವೆ.

ಕೊನೆಯದಾಗಿ

‘ಎಲ್ಲರಿಗೂ ಉಚಿತ ಸೀಟು’ ಎಂಬ ಸಂದೇಶ ಅರ್ಧ ಸತ್ಯ. ಕೇಂದ್ರದ ಕಾಯ್ದೆಯಲ್ಲಿ ಶೇ. 25 ಇರುವುದು ನಿಜ. ಅದು ಎಲ್ಲರಿಗೂ ಎಂಬುದು, ಎಲ್ಲ ಶಾಲೆಯಲ್ಲೂ ಎಂಬುದು ಸುಳ್ಳು. ನಿಮ್ಮ ಪ್ರದೇಶದ ಯಾವ ಶಾಲೆ ಪಟ್ಟಿಯಲ್ಲಿದೆ ಎಂಬುದನ್ನು ಶಾಲಾ ಶಿಕ್ಷಣ ಇಲಾಖೆಯ ವೆಬ್‌ಸೈಟ್‌ನಲ್ಲಿ ಅಥವಾ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಸಂದೇಶದ ಜೊತೆ ಬಂದ ಲಿಂಕ್ ಒತ್ತಿ ಮಗುವಿನ ಆಧಾರ್ ಸಂಖ್ಯೆ ತುಂಬಬೇಡಿ, ಅರ್ಜಿ ಶುಲ್ಕ ಎಂದು ಯಾರಿಗೂ ಹಣ ಕಳಿಸಬೇಡಿ.